ಮಡಿಸುವ ಚಾಕುವಿನ ಮಾರುಕಟ್ಟೆ: ಸಣ್ಣ ಉದ್ದಿಮೆಗಳಿಗೆ ಕೆಲವು ಪಾಠಗಳು

ಗಡಿಯಾರ ಕಟ್ಟದವರೂ ಪೆನ್ನು ಇಟ್ಟುಕೊಳ್ಳದವರೂ ಹೆಚ್ಚುತ್ತಿರುವ ಕಾಲವಿದು. ಹೀಗಿರುವಾಗ ಪ್ರತಿದಿನ ಬೆಳಿಗ್ಗೆ ಹೊರಡುವ ಮುನ್ನ ಜೇಬಿನಲ್ಲಿ ಒಂದು ಹಳೆಯ ಮಾದರಿಯ ಮಡಿಸುವ ಚಾಕುವನ್ನು ಇರಿಸಿಕೊಳ್ಳುವ ಜನ ಅಮೆರಿಕ, ಬ್ರಿಟನ್, ಫ್ರಾನ್ಸ್, ಜಪಾನ್ ಮುಂತಾದ ದೇಶಗಳಲ್ಲಿ ಇಂದಿಗೂ ಇದ್ದಾರೆಂದರೆ ಆಶ್ಚರ್ಯವೆನಿಸಬಹುದು. ಇವರಲ್ಲಿ ಅನೇಕರಿಗೆ ಚಾಕು ವೃತ್ತಿಯ ಅಗತ್ಯವಲ್ಲ. ಹಣ್ಣು ಹೆಚ್ಚುವುದು, ಪಾರ್ಸೆಲ್ಲಿನ ದಾರ ಕತ್ತರಿಸುವುದು, ಪೆನ್ಸಿಲ್ ಹೆರೆಯುವುದು, ಇಷ್ಟೇ ಅದರ ಕೆಲಸ. ಆದರೂ ಅವರು ಅದಕ್ಕಾಗಿ ಸಾಮಾನ್ಯ ಚಾಕುವಿನ ಬೆಲೆಯ ಹಲವು ಪಟ್ಟು ಹಣ ಕೊಡುತ್ತಾರೆ, ತಮ್ಮಂಥವರಿಗೆ ತೋರಿಸುತ್ತಾರೆ, ಅಲಗು, ಹಿಡಿ, ಸ್ಪ್ರಿಂಗುಗಳ ಗುಣದೋಷಗಳನ್ನು ಗಂಟೆಗಟ್ಟಲೆ ಚರ್ಚಿಸುತ್ತಾರೆ.

ಈ ಆಸಕ್ತರ ಬಳಗವನ್ನೇ ನೆಚ್ಚಿಕೊಂಡು ಕೆಲವು ತಯಾರಕರು ಉಳಿದಿದ್ದಾರೆ. ಅದೇ ವಸ್ತುವನ್ನು ತಯಾರಿಸುತ್ತಿದ್ದ ಬೇರೆ ಕೆಲವರು ಬಾಗಿಲು ಹಾಕಿದ್ದಾರೆ. ಒಂದು ಊರಂತೂ ತನ್ನ ಹೆಸರನ್ನೇ ಮರಳಿ ಪಡೆಯಲು ವರ್ಷಾನುಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅಗ್ಗದ ಆಮದಿನ ಪೈಪೋಟಿಯನ್ನು ಎದುರಿಸುತ್ತಿರುವ ಕರ್ನಾಟಕದ ಸಣ್ಣ ಉದ್ದಿಮೆದಾರರಿಗೂ ವರ್ತಕರಿಗೂ ಈ ವಹಿವಾಟಿನ ಕಥೆಯಲ್ಲಿ ಗಮನಿಸಬೇಕಾದ ಅಂಶಗಳು ಹಲವಿವೆ.

ವಸ್ತುವಿನ ಸ್ವರೂಪ

ಸಾಂಪ್ರದಾಯಿಕ ಜೇಬುಚಾಕುವಿನ ರಚನೆ ಸರಳವಾದುದು. ಹಿಡಿಯ ಬೆನ್ನಿನ ಉದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗು ಇರುತ್ತದೆ. ಅಲಗಿನ ಬುಡವನ್ನು ಅದು ಸದಾ ಒತ್ತುತ್ತಿರುತ್ತದೆ. ತೆರೆದಾಗ ತೆರೆದೇ ನಿಲ್ಲುವುದು, ಮಡಿಸಿದಾಗ ಮಡಿಸಿಯೇ ಇರುವುದು ಈ ಒತ್ತಡದಿಂದ. ಬೀಗದಂಥ ವ್ಯವಸ್ಥೆ ಯಾವುದೂ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಹಿಡಿಯ ಎರಡೂ ಬದಿಗೆ ಮೂಳೆ, ಕೊಂಬು ಅಥವಾ ಮರದ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸುತ್ತಾರೆ.

ತಾಂತ್ರಿಕವಾಗಿ ನೋಡಿದರೆ ಇದು ಹಿಂದೆ ಬಿದ್ದ ವಸ್ತು. ಒಂದೇ ಕೈಯಲ್ಲಿ ತೆರೆಯಬಹುದಾದ, ತೆರೆದಾಗ ಭದ್ರವಾಗಿ ಬೀಗ ಬೀಳುವ, ತುಕ್ಕು ಹಿಡಿಯದ ಚಾಕುಗಳು ಇಂದು ಕಡಿಮೆ ಬೆಲೆಗೇ ದೊರೆಯುತ್ತವೆ. ಆದರೆ ಆಸಕ್ತರು ಬಯಸುವುದು ಹಳೆಯದನ್ನೇ. ಅಲಗು ತೆರೆಯುವಾಗ ಬೆರಳಿಗೆ ಸಿಗುವ ನಯ, ಕೊನೆಗೆ ಕೇಳಿಬರುವ ಟಕ್ ಎಂಬ ಸದ್ದು, ಅಲಗಿಗೂ ಸ್ಪ್ರಿಂಗಿಗೂ ನಡುವೆ ಬೆಳಕು ನುಸುಳದಂಥ ಜೋಡಣೆ, ಇವುಗಳಿಂದಲೇ ಅವರು ಕುಶಲಕರ್ಮಿಯ ಯೋಗ್ಯತೆಯನ್ನು ಅಳೆಯುತ್ತಾರೆ. ಇಂಗಾಲದ ಉಕ್ಕಿನ ಅಲಗು ಹಣ್ಣು ತರಕಾರಿಗಳ ರಸ ತಗುಲಿ ಬೂದು ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯವನ ದೃಷ್ಟಿಯಲ್ಲಿ ಅದು ಕಲೆ; ಬಳಸುವವನಿಗೆ ಅದು ತಾನು ಕಳೆದ ವರ್ಷಗಳ ಗುರುತು. ಹೀಗಾಗಿ ಚಾಕು ಹಳತಾದಷ್ಟೂ ಮಾಲೀಕನಿಗೆ ಹೆಚ್ಚು ಪ್ರಿಯವಾಗುತ್ತದೆ.

ಮಾದರಿಗಳಿಗೂ ಒಂದೊಂದು ಹಿನ್ನೆಲೆಯಿದೆ. ಅಮೆರಿಕದ ದನಗಾಹಿಗಳಿಗೆಂದು ರೂಪುಗೊಂಡ ಸ್ಟಾಕ್‌ಮನ್ ಚಾಕುವಿನಲ್ಲಿ ಸಾಮಾನ್ಯವಾಗಿ ಮೂರು ಅಲಗುಗಳು. ಚೂಪು ಮೊನೆಯ ಒಂದು ಅಲಗು ಸಾಮಾನ್ಯ ಕೆಲಸಕ್ಕೆ, ನೇರ ಅಂಚಿನ ಇನ್ನೊಂದು ಒತ್ತಿ ಕತ್ತರಿಸುವುದಕ್ಕೆ, ಮೊಂಡು ಮೊನೆಯ ಮೂರನೆಯದು ಜಾನುವಾರುಗಳ ಬೀಜ ಒಡೆಯುವುದಕ್ಕೆ. ಇಂದು ಅದನ್ನು ಕೊಳ್ಳುವವರಲ್ಲಿ ದನಕರು ಸಾಕಿದವರು ಎಷ್ಟು ಮಂದಿಯೋ! ಬಳಕೆ ಬದಲಾದರೂ ರೂಪ ಉಳಿದಿದೆ.

ಚುಕ್ಕೆಗಳ ಲೆಕ್ಕ

ಗ್ರಾಹಕನ ಆಸಕ್ತಿಯನ್ನು ವ್ಯಾಪಾರದ ಬಲವನ್ನಾಗಿ ಮಾಡಿಕೊಂಡ ಸಂಸ್ಥೆಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಬ್ರಾಡ್‌ಫರ್ಡ್ ಪಟ್ಟಣದ ಡಬ್ಲ್ಯು.ಆರ್. ಕೇಸ್ ಅಂಡ್ ಸನ್ಸ್ ಮುಖ್ಯವಾದುದು. ಕೇಸ್ ಸಹೋದರರು 1889ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ವ್ಯಾಪಾರದಲ್ಲಿ ಇದರ ಮೂಲವಿದೆ. ಈ ಚಾಕುಗಳ ಮಾದರಿ ಸಂಖ್ಯೆಯೇ ಒಂದು ಪುಟ್ಟ ದಾಸ್ತಾನು ಪಟ್ಟಿಯಂತಿದೆ. ಉದಾಹರಣೆಗೆ 6318 ಎಂಬ ಸಂಖ್ಯೆಯಲ್ಲಿ ಮೊದಲ ಅಂಕಿ 6 ಎಂದರೆ ಮೂಳೆಯ ಹಿಡಿ, ಎರಡನೆಯ ಅಂಕಿ 3 ಎಂದರೆ ಮೂರು ಅಲಗು, ಉಳಿದ 18 ಕಾರ್ಖಾನೆಯ ಮಾದರಿ.

1970ರಲ್ಲಿ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲಗಿನ ಬುಡದಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆಗಳನ್ನು ಒತ್ತಿತು. ಮುಂದಿನ ವರ್ಷ 9, ಅದರ ಮುಂದಿನ ವರ್ಷ 8, ಹೀಗೆ ವರ್ಷಕ್ಕೊಂದು ಚುಕ್ಕೆ ಕಡಿಮೆ. ಚುಕ್ಕೆ ಎಣಿಸಬಲ್ಲ ಯಾರಾದರೂ ಚಾಕು ತಯಾರಾದ ವರ್ಷವನ್ನು ಹೇಳಬಹುದಾಯಿತು. ಉತ್ಪಾದನಾ ವೆಚ್ಚದಲ್ಲಿ ಇದರಿಂದ ಹೇಳಿಕೊಳ್ಳುವಂಥ ಏರಿಕೆಯಿಲ್ಲ. ಆದರೆ ಗ್ರಾಹಕನಿಗೆ ತನ್ನ ಮದುವೆಯ ವರ್ಷದ್ದೊಂದು, ಮಗ ಹುಟ್ಟಿದ ವರ್ಷದ್ದೊಂದು ಕೊಳ್ಳಲು ಕಾರಣ ದೊರೆಯಿತು. ಒಂದು ಚಾಕು ಇರುವವನಿಗೆ ಎರಡನೆಯದನ್ನು ಮಾರುವುದು ಹೇಗೆಂಬ ವ್ಯಾಪಾರದ ಹಳೆಯ ಪ್ರಶ್ನೆಗೆ ಇದು ಉತ್ತರವಾಯಿತು. 1981ರಿಂದ ಸಂಗ್ರಾಹಕರ ಕ್ಲಬ್ಬೂ ನಡೆದುಬಂದಿದೆ. 1993ರಲ್ಲಿ ಅದೇ ಪಟ್ಟಣದ, ಸಿಗರೇಟು ಲೈಟರಿಗೆ ಹೆಸರಾದ ಜಿಪ್ಪೊ ಸಂಸ್ಥೆ ಕೇಸ್ ಅನ್ನು ಕೊಂಡುಕೊಂಡಿತು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಎಲ್ಲರ ಲೆಕ್ಕವೂ ಹೀಗೆ ಸರಿಹೋಗಲಿಲ್ಲ. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ 2004ರಲ್ಲಿ ಮುಚ್ಚಿತು. ಅದರ ಹೆಸರುಗಳನ್ನು ಬೇರೊಂದು ಸಂಸ್ಥೆ ಕೊಂಡು, ಚೀನಾದಲ್ಲಿ ತಯಾರಾದ ಚಾಕುಗಳ ಮೇಲೆ ಅವನ್ನೇ ಮುಂದುವರಿಸಿತು. ಅದೇ ರಾಜ್ಯದ ಕೆಮಿಲಸ್ ಕಾರ್ಖಾನೆ 2007ರಲ್ಲಿ ನಿಂತಿತು. ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಪಟ್ಟಣದ ಕ್ವೀನ್ ಕಟ್ಲರಿ 2018ರಲ್ಲಿ ಕೆಲಸ ನಿಲ್ಲಿಸಿತು. ಇವು ಹೆಸರಿಲ್ಲದ ಸಂಸ್ಥೆಗಳಾಗಿರಲಿಲ್ಲ. ತಲೆಮಾರುಗಳ ಕಾಲ ಮನೆಮಾತಾಗಿದ್ದವು. ಕಾರ್ಖಾನೆ ಮುಚ್ಚಿದರೂ ಹೆಸರಿಗೆ ಬೆಲೆ ಉಳಿಯುತ್ತದೆ. ಆದರೆ ಆ ಬೆಲೆ ಕೆಲಸ ಕಳೆದುಕೊಂಡವರ ಕೈಗೆ ಬರುವುದಿಲ್ಲ ಎಂಬುದನ್ನು ಶ್ರೇಡ್ ಪ್ರಕರಣ ತೋರಿಸುತ್ತದೆ.

ಗಮನಾರ್ಹ ಸಂಗತಿಯೆಂದರೆ ಇದೇ ಟೈಟಸ್‌ವಿಲ್‌ನಲ್ಲಿ, ಇದೇ ಅವಧಿಯಲ್ಲಿ, 2006ರಲ್ಲಿ ಗ್ರೇಟ್ ಈಸ್ಟರ್ನ್ ಕಟ್ಲರಿ ಎಂಬ ಹೊಸ ಸಂಸ್ಥೆ ಹುಟ್ಟಿತು. ದೊಡ್ಡ ಅಂಗಡಿಗಳ ಕಪಾಟು ತುಂಬುವ ಯತ್ನಕ್ಕೆ ಅದು ಕೈಹಾಕಲಿಲ್ಲ. ಇಂಗಾಲದ ಉಕ್ಕು, ಹಳೆಯ ಮಾದರಿ, ಮಿತವಾದ ಸಂಖ್ಯೆ, ಇದು ಅದರ ಕ್ರಮ. ಒಂದು ಮಾದರಿಯನ್ನು ಒಂದು ಕಂತಿನಲ್ಲಿ ತಯಾರಿಸಿ ಮುಂದಿನ ಮಾದರಿಗೆ ಹೋಗುತ್ತದೆ. ಬೇಕಾದವರು ಕಾಯುತ್ತಾರೆ. ಲೆಕ್ಕಪತ್ರದ ದೃಷ್ಟಿಯಿಂದ ಈ ಕ್ರಮದ ಅನುಕೂಲ ಸ್ಪಷ್ಟ. ಮಾರಾಟವಾಗದ ದಾಸ್ತಾನಿನಲ್ಲಿ ದುಡಿಮೆ ಬಂಡವಾಳ ಸಿಕ್ಕಿಹಾಕಿಕೊಳ್ಳುವ ಅಪಾಯ ಕಡಿಮೆ, ರಿಯಾಯಿತಿ ಕೊಟ್ಟು ಮಾಲು ಖಾಲಿ ಮಾಡುವ ಅಗತ್ಯವೂ ಕಡಿಮೆ. ಅಗ್ಗದ ಮಾಲಿನೊಡನೆ ಬೆಲೆಯಲ್ಲಿ ಸ್ಪರ್ಧಿಸುವವನು ಸೋಲುವುದು ಖಚಿತವಾಗಿದ್ದಾಗ, ಸ್ಪರ್ಧೆಯ ಕಣವನ್ನೇ ಬದಲಾಯಿಸುವುದು ಜಾಣತನ.

ಫ್ರಾನ್ಸಿನ ಒಪಿನೆಲ್ ಸಂಸ್ಥೆಯದು ಇದಕ್ಕೆ ವಿರುದ್ಧವಾದ, ಆದರೆ ಅಷ್ಟೇ ಯಶಸ್ವಿಯಾದ ಮಾರ್ಗ. ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ಮರದ ಹಿಡಿಯ ಚಾಕುವಿಗೆ ದುಬಾರಿ ಸಾಮಗ್ರಿ ಯಾವುದೂ ಬೇಡ. 1897ರಲ್ಲಿ ಗಾತ್ರಗಳಿಗೆ 1ರಿಂದ 12ರವರೆಗೆ ಸಂಖ್ಯೆ ಕೊಡಲಾಯಿತು. 1955ರಲ್ಲಿ ಅಲಗನ್ನು ಭದ್ರಪಡಿಸುವ ತಿರುಗುವ ಉಂಗುರ ಸೇರಿತು. ರೂಪ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ರೈತನೂ ಕೊಳ್ಳಬಲ್ಲ ಬೆಲೆಯನ್ನು ಕಾಯ್ದುಕೊಂಡೇ ಅದು ಸಂಗ್ರಾಹಕರ ಪ್ರೀತಿಯನ್ನೂ ಗಳಿಸಿದೆ.

ಹೆಸರು ಕಳೆದುಕೊಂಡ ಊರು

ದಕ್ಷಿಣ ಫ್ರಾನ್ಸಿನ ಅವೆರೋನ್ ಜಿಲ್ಲೆಯ ಲಾಯೋಲ್ ಎಂಬ ಸಣ್ಣ ಊರು ಹತ್ತೊಂಬತ್ತನೆಯ ಶತಮಾನದಿಂದಲೂ ತನ್ನ ಹೆಸರಿನ ಚಾಕುವಿಗೆ ಪ್ರಸಿದ್ಧ. ತೆಳುವಾದ ಬಾಗು ಹಿಡಿ, ಸ್ಪ್ರಿಂಗಿನ ತುದಿಯಲ್ಲಿ ಜೇನುನೊಣದಂಥ ಅಲಂಕಾರ ಇದರ ಲಕ್ಷಣ. ಆದರೆ ಬೇಡಿಕೆ ಬೆಳೆದಂತೆ ತಯಾರಿಕೆ ಬಹುಪಾಲು ಥಿಯೆರ್ ಎಂಬ ದೊಡ್ಡ ಚಾಕು ಕೇಂದ್ರಕ್ಕೆ ಸರಿಯಿತು. ಲಾಯೋಲ್ ಊರಿನಲ್ಲಿ ಈ ಕಸುಬು ಮತ್ತೆ ಚೇತರಿಸಿಕೊಂಡದ್ದು 1980ರ ದಶಕದಲ್ಲಿ.

ಹೆಸರನ್ನು ಕಾನೂನಿನ ರಕ್ಷಣೆಗೆ ಒಳಪಡಿಸುವ ಯೋಚನೆ ಊರಿಗೆ ಸಕಾಲದಲ್ಲಿ ಬರಲಿಲ್ಲ. 1993ರಲ್ಲಿ ಹೊರಗಿನ ಉದ್ಯಮಿಯೊಬ್ಬರು 'ಲಾಯೋಲ್' ಎಂಬುದನ್ನು ಅನೇಕ ಬಗೆಯ ಸರಕುಗಳಿಗೆ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಂಡರು. ಆಮದಾದ ಸರಕುಗಳೂ ಆ ಹೆಸರಿನಲ್ಲಿ ಮಾರಾಟವಾದವು. 2012ರಲ್ಲಿ ಪ್ಯಾರಿಸ್ ನ್ಯಾಯಾಲಯದಲ್ಲಿ ಊರಿಗೆ ಸೋಲಾಯಿತು. ಗ್ರಾಮಸ್ಥರು ಪ್ರತಿಭಟನೆಯಾಗಿ ಊರ ಬಾಗಿಲಿನ ನಾಮಫಲಕವನ್ನೇ ಕಿತ್ತರು. 2014ರ ಮೇಲ್ಮನವಿಯಲ್ಲೂ ಸೋಲು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಭಾಗಶಃ ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು. 2019ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಊರಿನ ಪರವಾಗಿ ನಿಂತು ಹಲವು ನೋಂದಣಿಗಳನ್ನು ರದ್ದುಮಾಡಿತು. ನೋಂದಣಿಯಿಂದ ಆ ತೀರ್ಪಿನವರೆಗೆ ಇಪ್ಪತ್ತಾರು ವರ್ಷ ಉರುಳಿದ್ದವು.

ಇದಕ್ಕೆ ಹೋಲಿಸಿದರೆ ಜರ್ಮನಿಯ ಸೋಲಿಂಗೆನ್ ನಗರದ ಎಚ್ಚರ ಮೆಚ್ಚತಕ್ಕದ್ದು. ಆ ಹೆಸರನ್ನು ಯಾವ ಚಾಕು ಕತ್ತರಿಗಳ ಮೇಲೆ ಒತ್ತಬಹುದೆಂಬುದಕ್ಕೆ 1938ರಿಂದಲೇ ಕಾನೂನಿದೆ. ಇಂಗ್ಲೆಂಡಿನ ಶೆಫೀಲ್ಡ್ ಪ್ರದೇಶದ ಚಾಕು ತಯಾರಕರ ಕೂಟ 1624ರಷ್ಟು ಹಿಂದೆಯೇ ಪಾರ್ಲಿಮೆಂಟಿನ ಶಾಸನದ ಮೂಲಕ ಸ್ಥಾಪಿತವಾಗಿ, ಸದಸ್ಯರ ಮುದ್ರೆಗಳನ್ನು ನೋಂದಾಯಿಸುವ ಅಧಿಕಾರ ಪಡೆದಿತ್ತು.

ಕಾನೂನು ಮತ್ತು ಸಾರ್ವಜನಿಕ ಅಭಿಪ್ರಾಯ

ಚಾಕುವಿನ ವ್ಯಾಪಾರಕ್ಕೆ ಇನ್ನೊಂದು ವಿಶೇಷ ಅಪಾಯವಿದೆ. ವ್ಯಾಪಾರಿಯ ತಪ್ಪಿಲ್ಲದೆಯೂ ಮಾರುಕಟ್ಟೆ ಒಂದೇ ದಿನದಲ್ಲಿ ಕುಸಿಯಬಹುದು. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಸರಳ ಮಡಿಸುವ ಚಾಕು ಒಂದು ಕಾಲದಲ್ಲಿ ಶಾಲಾಮಕ್ಕಳ ಪೆನ್ಸಿಲ್ ಹೆರೆಯುವ ಸಾಧನವಾಗಿತ್ತು. 1960ರಲ್ಲಿ ರಾಜಕೀಯ ನಾಯಕ ಇನೆಜಿರೊ ಅಸಾನುಮ ಅವರು ಇರಿತಕ್ಕೆ ಬಲಿಯಾದ ಬಳಿಕ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಬಲಗೊಂಡಿತು. ಪೆನ್ಸಿಲ್ ಹೆರೆಯುವ ಯಂತ್ರವೂ ಬಂದಿತು. ತಯಾರಕರ ಸಂಘದ ಸದಸ್ಯರು ಮಾತ್ರ ಬಳಸಬಹುದಾಗಿದ್ದ ಆ ಹೆಸರನ್ನು ಇಂದು ಅಧಿಕೃತವಾಗಿ ಬಳಸುವ ಮನೆತನ ಒಂದೇ ಒಂದು. ಅದರ ಬಹುಮುಖ್ಯ ಗ್ರಾಹಕರಲ್ಲಿ ವಿದೇಶದ ಆಸಕ್ತರೂ ಸೇರಿದ್ದಾರೆ.

ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಸಂಸ್ಥೆಯ ಅನುಭವವೂ ಇಂಥದೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನದಲ್ಲಿ ಚಾಕು ಒಯ್ಯುವುದು ನಿಷೇಧವಾಗಿ, ವಿಮಾನ ನಿಲ್ದಾಣದ ಅಂಗಡಿಗಳ ಮಾರಾಟ ನಿಂತು, ಜೇಬುಚಾಕುವಿನ ವಹಿವಾಟು ಶೇಕಡ 30ಕ್ಕೂ ಹೆಚ್ಚು ಇಳಿಯಿತು. ಸಂಸ್ಥೆ ಒಬ್ಬ ಕೆಲಸಗಾರನನ್ನೂ ತೆಗೆಯಲಿಲ್ಲ. ಪಾಳಿಯ ಅವಧಿ ಕಡಿಮೆ ಮಾಡಿತು, ರಜೆ ಮುಂಚಿತವಾಗಿ ಕೊಟ್ಟಿತು, ಕೆಲವರನ್ನು ಇತರ ಸಂಸ್ಥೆಗಳಿಗೆ ತಾತ್ಕಾಲಿಕವಾಗಿ ಎರವಲು ಕಳುಹಿಸಿತು. ಒಳ್ಳೆಯ ವರ್ಷಗಳ ಲಾಭವನ್ನು ಹಂಚಿ ಮುಗಿಸದೆ ಮೀಸಲಿರಿಸಿದ್ದುದು ಆಗ ನೆರವಿಗೆ ಬಂದಿತು. ಗಡಿಯಾರ, ಪ್ರಯಾಣದ ಪೆಟ್ಟಿಗೆ ಮೊದಲಾದ ಸರಕುಗಳಿಗೂ ವ್ಯಾಪಾರ ವಿಸ್ತರಿಸಿತ್ತು. 2024ರಲ್ಲಿ ಅಲಗೇ ಇಲ್ಲದ ಸಾಧನವೊಂದನ್ನು ರೂಪಿಸುತ್ತಿರುವುದಾಗಿಯೂ ಸಂಸ್ಥೆ ಪ್ರಕಟಿಸಿತು.

ಕಾನೂನು ಕೆಲವೊಮ್ಮೆ ಹಳೆಯ ಮಾದರಿಗೆ ಅನುಕೂಲವೂ ಆಗುತ್ತದೆ. ಬ್ರಿಟನ್ನಿನಲ್ಲಿ ಅಲಗಿನ ಅಂಚು 3 ಅಂಗುಲ ಮೀರದ, ಬೀಗವಿಲ್ಲದ ಮಡಿಸುವ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಬೀಗ ಬೀಳುವ ಚಾಕುವಿಗೆ ಸಕಾರಣ ಬೇಕು. ಭಾರತದಲ್ಲಿ ಉತ್ತರ ಪ್ರದೇಶದ ರಾಂಪುರದ ಮಡಿಸುವ ಚಾಕು ಚಲನಚಿತ್ರಗಳಲ್ಲಿ ಖಳನ ಕೈಯ ಆಯುಧವೆಂದು ಹೆಸರಾಯಿತು. ಉದ್ದದ ಅಲಗಿನ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಸುಬು ಸೊರಗಿತು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಆ ಚಾಕುವಿನ ಬೃಹತ್ ಪ್ರತಿಕೃತಿ ಸ್ಥಾಪಿಸಲಾಯಿತು. ಕುಶಲಕರ್ಮಿಗಳಿಗೆ ಪ್ರತಿಕೃತಿಗಿಂತ ಕೊಳ್ಳುವವರು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ.

ಕರ್ನಾಟಕದ ಉದ್ದಿಮೆದಾರರು ಗಮನಿಸಬೇಕಾದುದು

1. ಹೆಸರಿನ ರಕ್ಷಣೆ. ಭಾರತದಲ್ಲಿ ಭೌಗೋಳಿಕ ಸೂಚಿಗಳ ಅಧಿನಿಯಮ, 1999 ಮತ್ತು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999 ಇವೆರಡೂ 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿವೆ. ಚನ್ನಪಟ್ಟಣದ ಬೊಂಬೆ, ಬಿದರಿ ಕಲೆ, ಇಳಕಲ್ ಸೀರೆಗಳಿಗೆ ಭೌಗೋಳಿಕ ಸೂಚಿಯ ನೋಂದಣಿ ಆಗಿದೆ. ಆದರೆ ಸಂಘವೋ ಸರ್ಕಾರಿ ಸಂಸ್ಥೆಯೋ ನೋಂದಣಿ ಮಾಡಿಸಿದರೆ ಸಾಲದು. ಪ್ರತಿಯೊಬ್ಬ ತಯಾರಕನೂ ಅಧಿಕೃತ ಬಳಕೆದಾರನಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನೋಂದಣಿ 10 ವರ್ಷಕ್ಕೊಮ್ಮೆ ನವೀಕರಣವಾಗಬೇಕು.

2. ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಸ್ಥೆಯು ತಾನೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಪುಸ್ತಕದಲ್ಲಿ ಇಲ್ಲವೆಂಬ ಕಾರಣಕ್ಕೆ ಅನೇಕ ಮಾಲೀಕರು ಅದನ್ನು ಮರೆತೇಬಿಡುತ್ತಾರೆ. ಯಂತ್ರಕ್ಕೆ ವಿಮೆ ಮಾಡಿಸುವವರು ಹೆಸರಿಗೆ ನೋಂದಣಿ ಮಾಡಿಸದಿರುವುದು ಸಾಮಾನ್ಯ.

3. ಗುರುತು ಮತ್ತು ವರ್ಷ. ತಯಾರಕನ ಮುದ್ರೆ, ಮಾದರಿ ಸಂಖ್ಯೆ, ತಯಾರಿಕೆಯ ವರ್ಷಗಳನ್ನು ಸರಕಿನ ಮೇಲೆ ಕ್ರಮಬದ್ಧವಾಗಿ ಒತ್ತುವುದು ಅಲ್ಪ ವೆಚ್ಚದ ಕೆಲಸ. ಹಿತ್ತಾಳೆ ದೀಪಕ್ಕೂ ಮರದ ಬೊಂಬೆಗೂ ಇದು ಅನ್ವಯಿಸುತ್ತದೆ.

4. ದುರಸ್ತಿ. ಬಹುಕಾಲ ಬಳಸುವ ಗ್ರಾಹಕನೇ ಇತರರಿಗೆ ಹೇಳುವ ಗ್ರಾಹಕ. ಮಾರಿದ ಸರಕನ್ನು ಸರಿಪಡಿಸಿಕೊಡುವ ಅಂಗಡಿಗೆ ಜಾಹೀರಾತಿನ ವೆಚ್ಚ ಉಳಿಯುತ್ತದೆ.

5. ಮೀಸಲು ನಿಧಿ. ಒಂದೇ ಸರಕು, ಒಂದೇ ಮಾರುಕಟ್ಟೆಯನ್ನು ನೆಚ್ಚಿದವರು ಕೆಲವು ತಿಂಗಳ ಸಂಬಳ ಹಾಗೂ ಬಡ್ಡಿಗೆ ಸಾಲುವಷ್ಟು ಹಣವನ್ನಾದರೂ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಕ್ಷೇಮ.

ಹಣ್ಣು ಹೆಚ್ಚಲು ಯಾವ ಚಾಕುವಾದರೂ ಸಾಕು. ಅಷ್ಟನ್ನೇ ಮಾರುವವನು ತನಗಿಂತ ಅಗ್ಗವಾಗಿ ಮಾರುವವನು ಬರುವವರೆಗೆ ಮಾತ್ರ ವ್ಯಾಪಾರದಲ್ಲಿರುತ್ತಾನೆ. ತಯಾರಿಸಿದವನ ಹೆಸರು, ಊರು, ವರ್ಷ ತಿಳಿದು ಕೊಳ್ಳುವ ಗ್ರಾಹಕರ ಸಂಖ್ಯೆ ಸಣ್ಣದಿರಬಹುದು. ಆದರೆ ಸಣ್ಣ ಉದ್ದಿಮೆಗೆ ಬೇಕಾಗಿರುವುದೂ ಸಣ್ಣ ಸಂಖ್ಯೆಯೇ.