ಮೊದಲನೆಯ ಇಯತ್ತೆಯ ಒಂದು ವಾರ

ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿಯೋ ಶಿಕ್ಷಕಿಯರಾಗಿಯೋ ಇರುವ ಭಗಿನಿಯರಿಗೆ ಚಿಕ್ಕ ಮಕ್ಕಳ ವರ್ಗವೆಂದ ಕೂಡಲೆ ನೆನಪಾಗುವುದು ಪಾಟಿ, ಅಂಕಲಿಪಿ, ಒಕ್ಕೊರಲಿನ ಮಗ್ಗಿ ಇವೇ ಸರಿ. ಆದರೆ ನರಗುಂದ ತಾಲೂಕಿನ ಚಿಕ್ಕನರಗುಂದದಂಥ ಹಳ್ಳಿಗಳ ಸರಕಾರಿ ಕನ್ನಡ ಶಾಲೆಗಳಿಗೆ 2009-10ರಿಂದ ಬೇರೊಂದು ಕ್ರಮವು ಬಂದಿತು. ಅದಕ್ಕೆ ‘ನಲಿ-ಕಲಿ’ ಎಂದು ಹೆಸರು. “ಹುಡುಗರು ಹಾಡುತ್ತಾರೆ, ಕುಣಿಯುತ್ತಾರೆ, ಅ ಆ ಇ ಈ ಮಾತ್ರ ಬರುವುದಿಲ್ಲ” ಎಂದು ಎಷ್ಟೋ ತಾಯಿತಂದೆಗಳು ಕಳವಳಗೊಳ್ಳುವುದುಂಟು. ಆದಕಾರಣ ಆ ವರ್ಗದಲ್ಲಿ ಒಂದು ವಾರವು ಹೇಗೆ ಸಾಗುವುದೆಂಬುದನ್ನು ಇಲ್ಲಿ ವಿವರಿಸುವೆನು.

ಈ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಮೊದಲಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು, ಕಂಡದ್ದನ್ನು ಕನ್ನಡಕ್ಕೆ ಒಗ್ಗಿಸಿ, ಪಾಠದ ಕಾರ್ಡುಗಳನ್ನು ರಚಿಸಿದರು. ವರ್ಗದಲ್ಲಿ ನಿಂತು ಕಲಿಸುವವರ ಕೈಯಿಂದಲೇ ಇದು ರೂಪುಗೊಂಡಿತೆಂಬುದು ಇದರ ಹೆಚ್ಚಳವೆಂದು ನನ್ನ ಎಣಿಕೆ. ಮುಂದೆ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ಇಯತ್ತೆಗಳಿಗೂ, ತರುವಾಯ ಮೂರನೆಯದಕ್ಕೂ ವಿಸ್ತರಿಸಿತು.

ಸೋಮವಾರ ಗಂಟೆಯಾದ ಮೇಲೆ ಮಗುವು ತನ್ನ ಹಾಜರಿಯನ್ನು ತಾನೇ ಗುರುತಿಸುವುದು. ಹೊರಗೆ ನೋಡಿ ಬಿಸಿಲೋ ಮೋಡವೋ ಮಳೆಯೋ ಎಂಬುದನ್ನು ಹವಾಮಾನದ ಪಟದಲ್ಲಿ ತೋರಿಸುವುದು. ಗೋಡೆಯ ಮೇಲೆ ‘ಕಲಿಕಾ ಏಣಿ’ ಎಂಬ ಪಟವಿರುತ್ತದೆ. ಪಾಠವನ್ನೆಲ್ಲ ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಮಾಡಿ, ಅವುಗಳಿಗೆ ಚಿತ್ರದ ಗುರುತುಗಳನ್ನು ಇಟ್ಟಿರುವರು. ಓದಲು ಬಾರದ ಮಗುವೂ ತಾನು ನಿಂತ ಮೆಟ್ಟಿಲನ್ನು ಚಿತ್ರದಿಂದ ಅರಿತು, ಅದೇ ಗುರುತಿನ ಕಾರ್ಡನ್ನು ಆರಿಸಿಕೊಂಡು ತನ್ನ ಗುಂಪಿಗೆ ಹೋಗುವುದು. ಗುಂಪುಗಳು ಐದು. ಒಂದಕ್ಕೆ ಶಿಕ್ಷಕಿಯ ಪೂರ್ಣ ನೆರವು, ಇನ್ನೊಂದಕ್ಕೆ ಅರೆನೆರವು; ಎರಡರಲ್ಲಿ ಒಡನಾಡಿ ಮಕ್ಕಳೇ ಹೆಚ್ಚುಕಡಿಮೆಯಾಗಿ ನೆರವಾಗುವರು; ಕಡೆಯದರಲ್ಲಿ ಮಗುವು ತಾನೇ ಕಲಿಯುವುದು. ಬೇರೆ ಬೇರೆ ಇಯತ್ತೆಯವರು ಒಂದೇ ಕೋಣೆಯಲ್ಲಿ ಹೀಗೆ ಕೂಡಿ ಕುಳಿತಿರುವುದನ್ನು ಕಂಡು ಹೊಸಬರು ಗದ್ದಲವೆಂದು ಭಾವಿಸುವುದು ಸಹಜವೇ.

ಅಕ್ಷರಗಳ ವಿಷಯವನ್ನು ತುಸು ವಿಸ್ತಾರವಾಗಿ ಹೇಳತಕ್ಕದ್ದಿದೆ, ಯಾಕಂದರೆ ತಾಯಂದಿರ ದೂರು ಹುಟ್ಟುವುದು ಇಲ್ಲಿಯೇ. ನಲಿ-ಕಲಿಯಲ್ಲಿ ಮೊದಲು ಬರುವವು ರ, ಗ, ಸ, ದ, ಅ ಎಂಬ ಐದು; ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯು ಉಚ್ಚಾರದ ಸ್ಥಾನಗಳನ್ನು ಅನುಸರಿಸಿದ್ದು. ಅದು ಶಾಸ್ತ್ರಶುದ್ಧವಾದ ಕ್ರಮವೇ. ಆದರೂ ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗುವಿಗೆ ಅವುಗಳಿಂದಲೇ ಓದಬಹುದಾದ ಶಬ್ದಗಳು ಸಿಕ್ಕುವುದು ದುರ್ಲಭ. ಈ ಐದರಿಂದಲಾದರೋ ಸರ, ದರ, ಅರಸ, ಅಗಸ ಎಂದು ಓದಬಹುದು. ಬಸ್ಸಿನ ಹಲಗೆಯ ಮೇಲಿನ ‘ಗದಗ’ವನ್ನೂ ಓದಬಹುದು! ಎರಡನೆಯ ಐದು ಕೂಡಿದರೆ ಮರ, ಜನ, ನಗರ, ಬಸವ. ‘ನರಗುಂದ’ವನ್ನು ಓದಲು ಕೊಂಬು ಸೊನ್ನೆಗಳು ಬರುವವರೆಗೆ ಕಾಯಬೇಕು, ‘ಚಿಕ್ಕನರಗುಂದ’ಕ್ಕೆ ಗುಡಿಸೂ ಒತ್ತಕ್ಷರವೂ ಬೇಕು. ಮನೆಯಲ್ಲಿ ಅಜ್ಜಿಯು ಅ ಆ ಇ ಈ ಹೇಳಿಸಿದರೆ ಬಾಧಕವೇನೂ ಇಲ್ಲ. ಎರಡೂ ಒಂದೇ ತಲೆಯಲ್ಲಿ ಸುಖವಾಗಿ ಇರುತ್ತವೆ.

ಗಣಿತವು ಕಡ್ಡಿ, ಹುಣಸೆಬೀಜಗಳಿಂದ ನಡೆಯುವುದು. ಬರೆಯಲು ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆಯುಂಟು. ಮಕ್ಕಳು ಮಾಡಿದ ಚಿತ್ರಗಳನ್ನು ಮೇಲೆ ದಾರದ ಚಪ್ಪರಕ್ಕೆ ತೂಗುಹಾಕುವರು. ಶನಿವಾರ ಬೆಳಗಿನ ಶಾಲೆ.

ಇನ್ನು ಮುಖ್ಯ ಸಂಗತಿಗೆ ಬರೋಣ. ಹೆಸರು ಬಿಡಿಸುವಾಗ, ಹತ್ತಿ ಬಿಡಿಸುವಾಗ, ನಮ್ಮ ಎರೆಸೀಮೆಯಲ್ಲಿ ದೊಡ್ಡವರೆಲ್ಲ ಹೊಲಕ್ಕೆ ಹೋದರೆ ತೊಟ್ಟಿಲ ಕೂಸನ್ನು ತೂಗುವ ಕೆಲಸವು ಏಳು ವರುಷದ ಅಕ್ಕನ ಪಾಲಿಗೆ ಬರುವುದುಂಟು. ಇಂಥ ಒಬ್ಬ ಹುಡುಗಿಯು ಬುಧವಾರದಿಂದ ಬರಲಿಲ್ಲವೆಂದು ಎಣಿಸಿರಿ. ಹಳೆಯ ಕ್ರಮದಲ್ಲಿ ಮುಂದಿನ ಸೋಮವಾರ ಅವಳು ಬರುವಷ್ಟರಲ್ಲಿ ವರ್ಗವೆಲ್ಲ ಎರಡು ಪಾಠ ಮುಂದೆ ಸಾಗಿರುವುದು. ಅವಳು ಹಿಂದಿನ ಸಾಲಿನಲ್ಲಿ ಕುಳಿತು, ತಿಳಿಯದ್ದನ್ನು ತಿಳಿದಂತೆ ಬಾಯಾಡಿಸುವಳು. ವರುಷಕ್ಕೆ ನಾಲ್ಕು ಸಲ ಹೀಗಾದರೆ ಶಾಲೆಯ ಮೇಲಣ ಮನಸ್ಸೇ ಹಾರಿಹೋಗುವುದು. ಮನೆಯವರಿಗೂ “ಇವಳಿಗೆ ವಿದ್ಯೆ ಹತ್ತುವುದಿಲ್ಲ” ಎನ್ನಲು ನೆವ ಸಿಕ್ಕುವುದು. ಏಣಿಯಿದ್ದಲ್ಲಿ ಅವಳು ಮಂಗಳವಾರ ಬಿಟ್ಟ ಮೆಟ್ಟಿಲಿನಿಂದಲೇ ಸೋಮವಾರ ಹೊರಡುವಳು. ಗೆಳತಿಯು ಮುಂದೆ ಹೋಗಿರಬಹುದು. ಅವಳ ಕಾರ್ಡು ಮಾತ್ರ ತಟ್ಟೆಯಲ್ಲಿ ಅವಳಿಗಾಗಿ ಇದ್ದೇ ಇರುವುದು. ನಡುನಡುವೆ ಪರೀಕ್ಷಿಸುವ ಮೆಟ್ಟಿಲುಗಳೂ ಬರುತ್ತವೆ. ಅಲ್ಲಿ ತಡವರಿಸಿದವಳಿಗೆ ಅದನ್ನೇ ಇನ್ನೊಂದು ಬಗೆಯಿಂದ ಕಲಿಸುವರು.

ಆದರೂ ಕಳೆದ ದಿನಗಳು ಕಳೆದವೇ. ಯಾವ ಏಣಿಯೂ ಅವನ್ನು ಮರಳಿ ತರಲಾರದು. ಅಲ್ಲದೆ ಈ ಪದ್ಧತಿಯು ಶಿಕ್ಷಕಿಯಿಂದ ಬಹಳವನ್ನು ಬೇಡುತ್ತದೆ. ಒಂದೊಂದು ಮಗುವಿನ ಮೆಟ್ಟಿಲೂ ಅವಳ ಗಮನದಲ್ಲಿರಬೇಕು. ಕೋಣೆ ತುಂಬ ಮಕ್ಕಳನ್ನು ಒಬ್ಬಳಿಗೇ ಒಪ್ಪಿಸಿದರೆ ಸ್ವಂತವಾಗಿ ಕಲಿಯುವ ಗುಂಪು ಸುಮ್ಮನೆ ಕುಳಿತ ಗುಂಪಾಗುವುದು. ಹರಿದ ಕಾರ್ಡಿಗೆ ಬದಲು ಬಾರದಿದ್ದರೆ ಏಣಿಯ ಮೆಟ್ಟಿಲೇ ಮುರಿದಂತೆ. ಈ ಕೊರತೆಗಳನ್ನು ಪದ್ಧತಿಯ ದೋಷವೆಂದು ಹೇಳುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಆದರೆ ಮಗುವಿಗೆ ಆಗುವ ನಷ್ಟವು ಅಷ್ಟೇ.

ತಾಯಿತಂದೆಗಳು ಮಗುವನ್ನು “ಎಷ್ಟನೆಯ ಪಾಠ?” ಎಂದು ಕೇಳುವ ಬದಲು “ಯಾವ ಚಿತ್ರದ ಕಾರ್ಡು?” ಎಂದು ಕೇಳಿದರೆ ಉತ್ತರ ದೊರೆಯುವುದು. ಶಾಲೆಗೆ ಹೋದಾಗ ‘ಪ್ರಗತಿ ನೋಟ’ವನ್ನು ತೋರಿಸಿರೆಂದು ಅಕ್ಕನವರನ್ನು ಕೇಳಿರಿ. ಮಗುವು ಎಲ್ಲಿಯವರೆಗೆ ಬಂದಿದೆ, ಎಷ್ಟು ದಿನದಿಂದ ಅಲ್ಲಿಯೇ ನಿಂತಿದೆ ಎಂಬುದು ಅದರಲ್ಲಿ ಕಾಣುವುದು.