ಬಿ.ಫಾರ್ಮ್ ಆದಮೇಲೆ ಮೆಡಿಕಲ್ ಶಾಪ್ ಒಂದೇ ದಾರಿಯೇ?



ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಮಗಳ ಬಿ.ಫಾರ್ಮ್ ಮುಗಿಯುತ್ತಿದ್ದಂತೆ ಊರಿನಿಂದ ಸೋದರಮಾವನ ಫೋನ್ ಬರುತ್ತದೆ: "ಮುಂದೇನು? ಮೆಡಿಕಲ್ ಶಾಪ್ ಇಡ್ತಾಳಾ?" ಉತ್ತರ ಕೊಡುವ ಮೊದಲು ಇದನ್ನು ಓದಿ.

*ಫಾರ್ಮಕಾಲಜಿ ಎಂದರೇನು?*
ಔಷಧ ದೇಹಕ್ಕೆ ಏನು ಮಾಡುತ್ತದೆ, ದೇಹ ಔಷಧವನ್ನು ಏನು ಮಾಡುತ್ತದೆ ಎಂದು ತಿಳಿಯುವ ಶಾಸ್ತ್ರ. ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ ಎನ್ನುತ್ತಾರಲ್ಲ, ಯಾಕೆ? ಹಾಲಿನಲ್ಲಿರುವ ಕ್ಯಾಲ್ಸಿಯಂ ಔಷಧಕ್ಕೆ ಅಂಟಿಕೊಳ್ಳುತ್ತದೆ. ಆಗ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಇಂಥ 'ಯಾಕೆ'ಗಳಿಗೆ ಉತ್ತರ ಇಲ್ಲಿದೆ.

*ಎರಡು ದಾರಿ, ಗೊಂದಲ ಬೇಡ*
👉 ಬಿ.ಫಾರ್ಮ್ ಆದವರಿಗೆ 2 ವರ್ಷದ ಎಂ.ಫಾರ್ಮ್. ಇದಕ್ಕೆ ಜಿಪ್ಯಾಟ್ ಪರೀಕ್ಷೆ ಬರೆಯುವುದು ಒಳ್ಳೆಯದು. ಮೊಹಾಲಿ, ಹೈದರಾಬಾದ್ ಮುಂತಾದ ಕಡೆಯ ನೈಪರ್ ಸಂಸ್ಥೆಗಳಿಗೆ ಬೇರೆ ಪ್ರವೇಶ ಪರೀಕ್ಷೆಯೂ ಇದೆ.
👉 ಎಂ.ಬಿ.ಬಿ.ಎಸ್. ಆದವರಿಗೆ ನೀಟ್-ಪಿಜಿ ಮೂಲಕ 3 ವರ್ಷದ ಎಂ.ಡಿ.

ನೆನಪಿಡಿ, ಎಂ.ಫಾರ್ಮ್ ಮಾಡಿದವರು ಚೀಟಿ ಬರೆಯುವ ಡಾಕ್ಟರ್ ಅಲ್ಲ.

*ಕೆಲಸ ಎಲ್ಲಿ?*
✅ ಔಷಧ ಕಂಪನಿಗಳ ಸಂಶೋಧನಾ ವಿಭಾಗ
✅ ಕ್ಲಿನಿಕಲ್ ಟ್ರಯಲ್
✅ ಫಾರ್ಮಸಿ ಕಾಲೇಜಿನಲ್ಲಿ ಪಾಠ, ಪಿಎಚ್‌ಡಿ
✅ ಫಾರ್ಮಕೋವಿಜಿಲೆನ್ಸ್, ಅಂದರೆ ಮಾರುಕಟ್ಟೆಗೆ ಬಂದ ಔಷಧದ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಕೆಲಸ

ಈ ಕೊನೆಯ ಕೆಲಸ ನಮ್ಮ ಮನೆಗೂ ಸಂಬಂಧಿಸಿದ್ದು. ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು ಎದ್ದರೆ ಮೊದಲು ವೈದ್ಯರನ್ನು ಕಾಣಿ. ಆಮೇಲೆ 1800-180-3024ಕ್ಕೆ ಉಚಿತ ಕರೆ ಮಾಡಿ ತಿಳಿಸಿ. ಇದು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಸಹಾಯವಾಣಿ. ಹೀಗೆ ಬಂದ ದೂರುಗಳನ್ನು ಒಟ್ಟುಗೂಡಿಸಿ, ಔಷಧದಿಂದಲೇ ಹೀಗಾಯಿತೇ ಎಂದು ತೂಗಿ ನೋಡಲು ಈ ವಿಷಯ ಬಲ್ಲವರು ಬೇಕು.

*ಸೇರುವ ಮೊದಲು*
1. ಫೀಸು ಕಟ್ಟುವ ಮುನ್ನ ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ ನೋಡಿ.
2. ಹೊರರಾಜ್ಯದಲ್ಲಿರುವ ನಮಗೆ ರಾಜ್ಯ ಕೋಟಾದ ಸೀಟಿಗೆ ವಾಸಸ್ಥಳದ ದಾಖಲೆ ಬೇಕಾಗಬಹುದು. ಮೊದಲೇ ವಿಚಾರಿಸಿ.
3. ಇಲಿಗಳ ಮೇಲೆ ಪ್ರಯೋಗ ಮಾಡಬೇಕಾಗಿ ಬರಬಹುದು. ಮಗಳ ಮನಸ್ಸು ಒಪ್ಪುತ್ತದೆಯೇ, ಅವಳನ್ನೇ ಕೇಳಿ.

ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಔಷಧ ಕಂಪನಿಗಳು ಬಹಳ ಇವೆ. ಹೊಟ್ಟೆಪಾಡಿಗೆಂದು ಬಂದ ಊರೇ ಮಕ್ಕಳ ವಿದ್ಯೆಗೂ ಆಸರೆಯಾಗಬಹುದು.

ಬಿ.ಫಾರ್ಮ್ ಓದುತ್ತಿರುವ ಮಕ್ಕಳಿರುವ ಮನೆಗಳಿಗೆ ತಪ್ಪದೆ ಕಳುಹಿಸಿ. 🙏