ಬಾಯಿಲ್ಲದ ಗಡ್ಡೆ ಊಟ ಮಾಡುವುದು ಹೇಗೆ?

“ತಾತ, ಕ್ಯಾನ್ಸರ್ ಗಡ್ಡೆಗೆ ಬಾಯಿ ಇರ್ತದೇನು? ಇಲ್ಲಾಂದ್ರೆ ಅದು ಏನು ತಿಂದು ಬೆಳೀತದೆ?”

ಐದನೇ ತರಗತಿಯ ಮೊಮ್ಮಗಳು ಹೀಗೆ ಕೇಳಿದಾಗ ನಾನು ಬಳ್ಳಾರಿಯ ನಮ್ಮ ಮನೆಯಲ್ಲಿ ಅಕ್ಕನ ಫೋಟೊಗೆ ಹೂ ಹಾಕುತ್ತಿದ್ದೆ. ಅಕ್ಕನನ್ನು ಕುರುಗೋಡಿಗೆ ಮದುವೆ ಮಾಡಿಕೊಟ್ಟಿದ್ದೆವು. ಎದೆಯ ಕ್ಯಾನ್ಸರಿನಿಂದ ಆಕೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ. ಆದರೂ ಮಗುವಿನ ಪ್ರಶ್ನೆ ಬಿಡಲಿಲ್ಲ. ಹುಡುಕಿ ಓದಿದೆ. ತಿಳಿದದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ನೀರು ಮುಟ್ಟದ ಹೊಲ

ಸಿರುಗುಪ್ಪದ ಶಾಖೆಯಲ್ಲಿದ್ದಾಗ ನಾನು ಭತ್ತದ ಬೆಳೆಸಾಲದ ಕಾಗದಗಳನ್ನು ಬರೆಯುತ್ತಿದ್ದೆ. ಅಲ್ಲಿನ ಗದ್ದೆಗಳ ಜೀವವೆಲ್ಲ ತುಂಗಭದ್ರೆಯ ಕಾಲುವೆ ನೀರಿನಲ್ಲಿದೆ. ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆ, ಅದರಿಂದ ಹೊಲಗಾಲುವೆ. ನೀರು ಮುಟ್ಟದ ಹೊಲದಲ್ಲಿ ಭತ್ತವಿಲ್ಲ.

ನಮ್ಮ ದೇಹವೂ ಹಾಗೆಯೇ. ಹೃದಯದಿಂದ ಹೊರಟ ದೊಡ್ಡ ರಕ್ತನಾಳಗಳು ಕವಲೊಡೆಯುತ್ತ ಕೂದಲಿಗಿಂತ ತೆಳುವಾದ ಲೋಮನಾಳಗಳಾಗುತ್ತವೆ. ಲೋಮನಾಳದಿಂದ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ದೂರವಿರುವ ಜೀವಕೋಶಕ್ಕೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಆದ್ದರಿಂದ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು ಬೆಳೆದು ನಿಂತುಬಿಡುತ್ತದೆ. ಮುಂದೆ ಬೆಳೆಯಬೇಕಾದರೆ ಅದಕ್ಕೆ ಹೊಸ ಕಾಲುವೆ ಬೇಕು.

ಈ ಮಾತನ್ನು 1971ರಲ್ಲಿ ಹೇಳಿದವರು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. ರಕ್ತನಾಳ ಬೆಳೆಯದಂತೆ ತಡೆದರೆ ಗಡ್ಡೆಯೂ ಬೆಳೆಯದು ಎಂಬುದು ಅವರ ವಾದ. ಆಗ ನಂಬಿದವರು ಕಡಿಮೆ.

ಖೋಟಾ ಅರ್ಜಿ, ಬದುವಿಗೆ ಕತ್ತರಿ

ಉಸಿರು ಸಾಲದ ಗಡ್ಡೆ ‘ವಿಇಜಿಎಫ್’ ಎಂಬ ಸಂದೇಶದ ಪ್ರೋಟೀನನ್ನು ಹೊರಬಿಡುತ್ತದೆ. ಗಾಯವಾದಾಗ ಹೊಸ ರಕ್ತನಾಳ ಬೇಕೆಂದು ದೇಹ ಕಳಿಸುವ ಸಂದೇಶವೂ ಇದೇ. ಬ್ಯಾಂಕಿನವನ ಭಾಷೆಯಲ್ಲಿ ಹೇಳಬೇಕೆಂದರೆ, ಗಡ್ಡೆ ಕಳಿಸುವುದು ಖೋಟಾ ಅರ್ಜಿ. ಪಕ್ಕದ ರಕ್ತನಾಳ ಅದನ್ನು ನಂಬಿ ಚಿಗುರಲು ಹೊರಡುತ್ತದೆ.

ಆದರೆ ರಕ್ತನಾಳದ ಸುತ್ತ ಒಂದು ಪೊರೆಯಿದೆ. ಅದರಾಚೆ ಕೊಲ್ಲಾಜೆನ್ ಎಂಬ ನಾರಿನ ಬಲೆಯಿದೆ. ಕಾಲುವೆಗೆ ಬದು ಇದ್ದ ಹಾಗೆ. ಬದು ಕಡಿಯದೆ ನೀರು ಹೊರಗೆ ಬರುವುದಿಲ್ಲ. ಇಲ್ಲಿ ಕಿಣ್ವಗಳ ಕೆಲಸ ಶುರುವಾಗುತ್ತದೆ.

ಮಕ್ಕಳೇ, ಒಂದು ತುತ್ತು ಅನ್ನವನ್ನು ನುಂಗದೆ ಅಗಿಯುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸಿದ್ದರ ಗುರುತು ಅದು. ಅದೇ ರೀತಿ ಬದುವಿನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿಗೆ ಚಿಕ್ಕದಾಗಿ ‘ಎಂಎಂಪಿ’ ಎನ್ನುತ್ತಾರೆ. ನಮ್ಮಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯವು ಇವೆ. ಪ್ರತಿಯೊಂದರ ನಡುವೆ ಸತುವಿನ ಅಯಾನು ಕೂತಿರುತ್ತದೆ. ಇವು ದಾರಿ ಬಿಡಿಸಿದ ಮೇಲೆ ರಕ್ತನಾಳದ ಕೋಶಗಳು ಹೊರಗೆ ಬಂದು, ಕೊಳವೆಯಾಗಿ ಸೇರಿಕೊಂಡು, ಗಡ್ಡೆಯನ್ನು ಮುಟ್ಟುತ್ತವೆ. ಬದುವಿನಲ್ಲಿ ಸಿಕ್ಕಿಕೊಂಡಿದ್ದ ಇನ್ನಷ್ಟು ವಿಇಜಿಎಫ್ ಅನ್ನೂ ಎಂಎಂಪಿ-9 ಬಿಡಿಸಿ ಕಳಿಸುತ್ತದೆ. ಮುಂದೆ ಅದೇ ಹೊಸ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಬೇರೆ ಅಂಗಗಳಿಗೂ ಪ್ರಯಾಣ ಬೆಳೆಸುತ್ತವೆ.

ಗೊದಮೊಟ್ಟೆಯ ಬಾಲ

ಹಾಗಾದರೆ ಈ ಕಿಣ್ವಗಳು ದುಷ್ಟವೇ? ಅಲ್ಲ. ಈ ಬಳಗದ ಮೊದಲ ಕಿಣ್ವ ಸಿಕ್ಕಿದ್ದು 1962ರಲ್ಲಿ, ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಎಲ್ಲಿ ಹೋಗುತ್ತದೆ ಎಂದು ಹುಡುಕಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ವಿಜ್ಞಾನಿಗಳಿಗೆ ಕೊಲ್ಲಾಜೆನ್ ಕರಗಿಸುವ ಕಿಣ್ವ ಕಂಡಿತು. ನಮ್ಮ ಗಾಯ ಮಾಯುವುದಕ್ಕೂ, ಎಲುಬು ಬೆಳೆಯುವುದಕ್ಕೂ ಇಂಥ ಕತ್ತರಿಗಳೇ ಬೇಕು. ಗಡ್ಡೆ ನಮ್ಮ ಮನೆಯ ಕತ್ತರಿಯನ್ನೇ ಕದ್ದು ಬಳಸುತ್ತದೆ, ಅಷ್ಟೆ.

1990ರ ದಶಕದಲ್ಲಿ ಕತ್ತರಿಗಳನ್ನೇ ಕಟ್ಟಿಹಾಕುವ ಔಷಧಿಗಳು ಬಂದವು. ಮಾರಿಮಾಸ್ಟಾಟ್ ಅವುಗಳಲ್ಲೊಂದು. ರೋಗಿಗಳಿಗೆ ಕೀಲುನೋವು, ಬಿಗಿತ ಬಂತು; ನಿರೀಕ್ಷಿಸಿದ ಗುಣ ಸಿಗಲಿಲ್ಲ. ಕೆಲವು ಕಿಣ್ವಗಳು ಬದು ಕತ್ತರಿಸುವಾಗಲೇ ಎಂಡೋಸ್ಟಾಟಿನ್ ಎಂಬ ತುಣುಕನ್ನೂ ಬಿಡಿಸುತ್ತವೆ. ಅದು ರಕ್ತನಾಳದ ಬೆಳವಣಿಗೆಯನ್ನು ತಡೆಯುತ್ತದೆ. ಅಂದರೆ ಎಲ್ಲ ಕತ್ತರಿಗಳನ್ನೂ ಒಟ್ಟಿಗೆ ಕಿತ್ತುಕೊಂಡರೆ ಒಳ್ಳೆಯದಕ್ಕೂ ಪೆಟ್ಟು.

ಖೋಟಾ ಅರ್ಜಿಯನ್ನೇ ದಾರಿಯಲ್ಲಿ ಹಿಡಿಯುವ ಉಪಾಯ ಹೆಚ್ಚು ಫಲಿಸಿತು. ವಿಇಜಿಎಫ್ ಅನ್ನು ಹಿಡಿಯುವ ಬೆವಾಸಿಜುಮಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹರಡಿದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ, ಕೀಮೊ ಜೊತೆ ಇದನ್ನು ಕೊಟ್ಟಾಗ ಬದುಕುಳಿಯುವ ಅವಧಿ 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಪೂರ್ತಿ ವಾಸಿಯಲ್ಲ. ಆದರೆ ಒಂದು ಮನೆಗೆ ನಾಲ್ಕೂವರೆ ತಿಂಗಳು ಸಣ್ಣದಲ್ಲ.

ಅರಿಸಿನದ ಮಾತು

ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಈ ಕೆಲಸ ನಡೆದಿದೆ. ಪ್ರೊ. ಭಾರತಿ ಸಾಲಿಮಠ ಅವರ ತಂಡ, ಅರಿಸಿನದ ಕರ್ಕ್ಯುಮಿನ್ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ರಕ್ತನಾಳದ ಬೆಳವಣಿಗೆಯನ್ನು ತಗ್ಗಿಸುತ್ತದೆಂದು 2002ರಲ್ಲಿ ಪ್ರಕಟಿಸಿತು. ಹೆಮ್ಮೆಯ ವಿಷಯ. ಆದರೆ ಇಲಿಗೆ ಕೊಟ್ಟದ್ದು ಬೇರ್ಪಡಿಸಿದ ಕರ್ಕ್ಯುಮಿನ್. ನಾವು ತಿಂದ ಅರಿಸಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ತೀರಾ ಕಡಿಮೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎದೆಯಲ್ಲಿ ಗಂಟು ಸಿಕ್ಕಾಗ ಅಕ್ಕ ಎಂಟು ತಿಂಗಳು ಅರಿಸಿನದ ಪಟ್ಟು ಹಾಕಿದಳು. ನಾಚಿಕೆಯಿಂದ ಯಾರಿಗೂ ತೋರಿಸಲಿಲ್ಲ. ನನಗೆ ಹೇಳಿದಾಗ ನಾನೂ, “ಅರಿಸಿನ ಒಳ್ಳೇದೇ ಬಿಡಕ್ಕ, ಇಳೀತದೆ” ಅಂದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅದು ಕಂಕುಳಿಗೆ ಇಳಿದಿತ್ತು. ಮೂವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ಒಂದು ಪೈಸೆ ತಪ್ಪದಂತೆ ನೋಡಿಕೊಂಡವನು ಮನೆಯ ಲೆಕ್ಕ ತಪ್ಪಿದೆ.

ತಾಯಂದಿರೇ, ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹೆದರಬೇಡಿ. ಆದರೆ ಅದು ಯಾವುದೆಂದು ಹೇಳಬೇಕಾದವರು ವೈದ್ಯರು. ನೆರೆಮನೆಯವರಲ್ಲ, ತಮ್ಮನೂ ಅಲ್ಲ. ಕ್ಯಾನ್ಸರೇ ಆಗಿದ್ದರೆ, ಕೈಗೆ ಸಿಗುವಷ್ಟು ಬೆಳೆದಿದೆ ಎಂದಮೇಲೆ ಅದಕ್ಕೆ ಆಗಲೇ ಕಾಲುವೆ ಬಂದಿದೆ ಎಂದೇ ಅರ್ಥ. ಅದೇ ವಾರ ತೋರಿಸಿ.

ಮೊಮ್ಮಗಳಿಗೆ ಹೇಳಿದೆ: “ಗಡ್ಡೆಗೆ ಬಾಯಿಲ್ಲ ಪುಟ್ಟಿ, ಕತ್ತರಿ ಇದೆ.”

ಅವಳು ಫೋಟೊ ನೋಡುತ್ತ ಕೇಳಿದಳು: “ಹಂಗಾದ್ರ ಅಜ್ಜಿಗೆ ಯಾರೂ ಹೇಳಲಿಲ್ವಾ ತಾತ?”

ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆದೆ.